ತೋಟದ ಮನೆಗೆ ರಾಸ್ಪ್‌ಬೆರಿ ಪೈ: ಪಿನ್ನು, ತಂತಿ, ನೆಟ್‌ವರ್ಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯಿಂದ ಫೋನ್ ಮಾಡಿದವರು, ಪತ್ರ ಬರೆದವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತು ಕೇಳಿದವರು, ಇವರೆಲ್ಲರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ, ಊಹಿಸಲು ಕಷ್ಟವಾದವಕ್ಕೆ ಕಂಸದಲ್ಲಿ ಇಂಗ್ಲಿಷೂ ಇದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

## ಶುರು ಮಾಡುವವರಿಗೆ

ಅಲ್ಲ ಮಾರಾಯ್ರೆ, ತೋಟದವ್ರು ಇದನ್ನ ಇಟ್ಕೊಂಡು ಏನ್ ಮಾಡೋದು?

ರಾಸ್ಪ್‌ಬೆರಿ ಪೈ ಎಂದರೆ ಅಂಗೈಯಗಲದ ಪೂರ್ತಿ ಕಂಪ್ಯೂಟರ್. ನಿಮ್ಮ ಮನೆಯ ಲ್ಯಾಪ್‌ಟಾಪಿಗೆ ಇಲ್ಲದ ಒಂದು ಸೌಲಭ್ಯ ಇದಕ್ಕಿದೆ. ಬದಿಯಲ್ಲಿ 40 ಪಿನ್ನುಗಳಿವೆ, ಅವಕ್ಕೆ ನೇರವಾಗಿ ತಂತಿ ಹಾಕಿ ಹೊರಗಿನ ಲೋಕವನ್ನು ಓದಬಹುದು. ನಮ್ಮಲ್ಲಿ ಜನ ಮಾಡಿಕೊಂಡಿರುವುದು ಮಳೆ ಅಳತೆ, ಟ್ಯಾಂಕಿನ ನೀರಿನ ಮಟ್ಟ, ಅಡಿಕೆ ಒಣಗಿಸುವ ಕೋಣೆಯ ಉಷ್ಣತೆ, ಪಂಪಿಗೆ ಕರೆಂಟ್ ಬಂತೋ ಇಲ್ಲವೋ ಎಂಬ ಸುದ್ದಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಗೊತ್ತುಮಾಡುವಾಗ ಹದಿನೈದು ದಿನದ ಮಳೆ, ತೇವದ ಲೆಕ್ಕ ಕೈಯಲ್ಲಿರುವುದು ದೊಡ್ಡ ಅನುಕೂಲ.

ಯಾವ ಮಾಡೆಲ್ ತಗೊಳ್ಳಲಿ? ಅಂಗಡಿಯವ್ರು ಪೈ 5 ಅಂತಾರೆ.

ಸೆನ್ಸರ್ ಓದಿ ಬರೆದಿಡುವುದಕ್ಕೆ ಜೀರೋ 2 ಡಬ್ಲ್ಯೂ ಧಾರಾಳ ಸಾಕು. ಕರೆಂಟ್ ಕಡಿಮೆ ತಿನ್ನುತ್ತದೆ, ವೈಫೈ ಇದೆ. ಆದರೆ ಅದರ ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ಲ್ಯಾನ್ ತಂತಿಯ ಕಿಂಡಿ ಇಲ್ಲ. ತಂತಿ ಎಳೆಯುವ ಯೋಚನೆಯಿದ್ದರೆ ಪೈ 4 ಒಳ್ಳೆಯದು. ಕ್ಯಾಮೆರಾ ಚಿತ್ರ ನೋಡಿ ಮಂಗ ಬಂತೋ ಹಂದಿ ಬಂತೋ ಗುರುತಿಸುವಂಥ ಕೆಲಸಕ್ಕೆ ಮಾತ್ರ ಪೈ 5ಕ್ಕೆ ದುಡ್ಡು ಹಾಕಿ.

ಇನ್ನೊಂದು ವಿಷಯ. ಪೈ 5ರಲ್ಲಿ ಪಿನ್ನುಗಳನ್ನು ನೋಡಿಕೊಳ್ಳುವುದು ಆರ್‌ಪಿ1 ಎಂಬ ಬೇರೆ ಚಿಪ್ಪು. ಹಾಗಾಗಿ ಆರ್‌ಪಿಐ-ಜಿಪಿಐಒ ಎಂಬ ಹಳೆಯ ಪೈಥಾನ್ ಲೈಬ್ರರಿ (ಜಿಪಿಐಒ ಎಂದರೆ ಪ್ರೋಗ್ರಾಂ ಓದುವ, ಬರೆಯುವ ಈ ಪಿನ್ನುಗಳೇ) ನಂಬಿ ಬರೆದ ಪ್ರೋಗ್ರಾಂ ಅದರಲ್ಲಿ ಓಡುವುದಿಲ್ಲ. ಮೊದಲಿನಿಂದಲೇ ಜಿಪಿಐಒ-ಜೀರೋ ಬಳಸಿ ಬರೆದರೆ ಎಲ್ಲ ಮಾಡೆಲ್ಲಿನಲ್ಲೂ ನಡೆಯುತ್ತದೆ.

ಮಾನಿಟರ್, ಕೀಬೋರ್ಡ್ ಇಲ್ಲ. ಹಾಗೇ ಸೆಟಪ್ ಮಾಡ್ಲಿಕ್ಕೆ ಆಗುತ್ತಾ?

ಆಗುತ್ತದೆ, ನಾನು ಹಾಗೇ ಮಾಡುವುದು. ಲ್ಯಾಪ್‌ಟಾಪಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶ ಹಾಕಿಕೊಂಡು ಎಸ್‌ಡಿ ಕಾರ್ಡಿಗೆ ಬರೆಯುವ ಮೊದಲು ಅದರ ಸೆಟ್ಟಿಂಗ್ ಪುಟ ತೆರೆಯಿರಿ. ಯಂತ್ರದ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್, ವೈಫೈ ಹೆಸರು, ದೇಶ, ಇಷ್ಟನ್ನೂ ತುಂಬಿ, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಪೈಗೆ ಆಜ್ಞೆ ಕೊಡುವ ದಾರಿ) ಆನ್ ಮಾಡಿ. "ಪೈ" ಹೆಸರು, "ರಾಸ್ಪ್‌ಬೆರಿ" ಪಾಸ್‌ವರ್ಡ್ ಎಂದು ಹಳೆಯ ಪಾಠಗಳಲ್ಲಿ ಇರುತ್ತದೆ. 2022ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಈಗ ನಿಮ್ಮದೇ ಕೊಡಬೇಕು. ಯಂತ್ರಕ್ಕೆ "ತೋಟ" ಎಂದು ಹೆಸರಿಟ್ಟಿದ್ದರೆ ಎರಡು ಮೂರು ನಿಮಿಷ ಬಿಟ್ಟು ಲ್ಯಾಪ್‌ಟಾಪಿನಿಂದ "ತೋಟ ಡಾಟ್ ಲೋಕಲ್"ಗೆ ಎಸ್‌ಎಸ್‌ಎಚ್ ಮಾಡಿದರೆ ಸಿಗುತ್ತದೆ.

ಮೊಬೈಲ್ ಚಾರ್ಜರ್ ಹಾಕಿದ್ರೆ ಸಾಕಲ್ವಾ?

ಬಹಳ ಜನರ ತಲೆನೋವಿನ ಮೂಲ ಇಲ್ಲೇ ಇದೆ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್, ಪೈ 5ಕ್ಕೆ 5 ವೋಲ್ಟ್ 5 ಆಂಪಿಯರ್, ಜೀರೋ 2 ಡಬ್ಲ್ಯೂಗೆ 2.5 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಚಾರ್ಜರ್ ಚೆನ್ನಾಗಿದ್ದರೂ ತೆಳ್ಳಗಿನ ಉದ್ದದ ಕೇಬಲ್ಲು ವೋಲ್ಟೇಜ್ ನುಂಗಿಬಿಡುತ್ತದೆ. ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಪೈ ಎಚ್ಚರಿಕೆ ಕೊಡುತ್ತದೆ, ವೇಗ ಇಳಿಸುತ್ತದೆ, ಆಗ ಯುಎಸ್‌ಬಿ ಡಾಂಗಲ್ ಕಳಚಿಕೊಳ್ಳುವುದು, ವೈಫೈ ಬಿಟ್ಟುಹೋಗುವುದು ಎಲ್ಲ ಶುರು. "ವಿಸಿಜೆನ್‌ಕಮಾಂಡ್ ಗೆಟ್-ಥ್ರಾಟಲ್ಡ್" (vcgencmd get_throttled) ಕೊಟ್ಟು ನೋಡಿ. ಕೊನೆಯಲ್ಲಿ ಬರೀ 0 ಬಂದರೆ ಸರಿ. 50000 ಬಂದರೆ ಆನ್ ಆದಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದಿದೆ ಎಂದರ್ಥ. ಸೆನ್ಸರ್ ಬದಲಾಯಿಸುವ ಮೊದಲು ಇದನ್ನು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

## ಪಿನ್ನು ಮತ್ತು ಸೆನ್ಸರ್

ತಪ್ಪು ಪಿನ್ನಿಗೆ ಹಾಕಿದ್ರೆ ಬೋರ್ಡೇ ಸುಟ್ಟು ಹೋಗುತ್ತಾ?

ಹೋಗಬಹುದು. ಈ ಪಿನ್ನುಗಳು ತಡೆಯುವುದು 3.3 ವೋಲ್ಟ್ ಮಾತ್ರ. 2 ಮತ್ತು 4ನೇ ಪಿನ್ನಿನಲ್ಲಿ 5 ವೋಲ್ಟ್ ಬರುತ್ತದೆ, 1 ಮತ್ತು 17ರಲ್ಲಿ 3.3 ವೋಲ್ಟ್. ಆ 5 ವೋಲ್ಟನ್ನು ಓದುವ ಪಿನ್ನಿಗೆ ಮುಟ್ಟಿಸಿದರೆ ಪಿನ್ನಂತೂ ಹೋದಂತೆ.

ನನಗೇ ಆಗಿದೆ. ಟ್ಯಾಂಕಿನ ನೀರಿನ ಮಟ್ಟ ನೋಡಲು ಶಬ್ದದ ಅಲೆ ಬಿಡುವ ಸೆನ್ಸರ್ ಹಾಕಿದ್ದೆ. ಅದು ಓಡುವುದು 5 ವೋಲ್ಟಿನಲ್ಲಿ, ಮರಳಿ ಕೊಡುವ ಸಂಕೇತವೂ 5 ವೋಲ್ಟೇ. ನೇರ ಹಾಕಿದ್ದು ಎರಡು ದಿನ ನಡೆಯಿತು, ಮೂರನೇ ದಿನ ಆ ಪಿನ್ನು ಯಾವಾಗಲೂ "ಆನ್" ಎಂದೇ ತೋರಿಸತೊಡಗಿತು. ಪರಿಹಾರ ಎರಡು ರೆಸಿಸ್ಟರ್ ಮಾತ್ರ: ಸೆನ್ಸರಿನ ತಂತಿಗೆ 1 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ (0 ವೋಲ್ಟಿನ ಪಿನ್ನು) 2 ಕಿಲೋ ಓಮ್, ನಡುವಿನ ಜಾಗದಿಂದ ಪಿನ್ನಿಗೆ. 5 ವೋಲ್ಟ್ ಅಲ್ಲಿ 3.3ಕ್ಕೆ ಇಳಿಯುತ್ತದೆ.

ಪಿನ್ನಿಗೆ ಎರಡು ಸಂಖ್ಯೆ ಇರುವುದೂ ಗೊಂದಲ ಹುಟ್ಟಿಸುತ್ತದೆ. ಸಾಲಿನಲ್ಲಿ ಎಣಿಸಿದರೆ 7ನೇ ಪಿನ್ನು, ಪ್ರೋಗ್ರಾಮಿಗೆ ಅದು ಜಿಪಿಐಒ 4. ಟರ್ಮಿನಲ್ಲಿನಲ್ಲಿ (ಆಜ್ಞೆ ಟೈಪ್ ಮಾಡುವ ಪರದೆ) "ಪಿನ್‌ಔಟ್" ಎಂದು ಕೊಟ್ಟರೆ ನಿಮ್ಮ ಬೋರ್ಡಿನದೇ ಚಿತ್ರ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ.

ಐ2ಸಿ, ಎಸ್‌ಪಿಐ, ಸೀರಿಯಲ್, ಒನ್-ವೈರ್ ಅಂತ ನಾಲ್ಕು ನಮೂನೆ ಇದೆ. ಯಾವಾಗ ಯಾವುದು?

ಇವು ಸೆನ್ಸರ್ ಮತ್ತು ಪೈ ಮಾತಾಡಿಕೊಳ್ಳುವ ನಾಲ್ಕು ವಿಧಾನ. ದೂರ ನೋಡಿ ಆರಿಸಿ. ಐ2ಸಿ ಮತ್ತು ಎಸ್‌ಪಿಐ ಒಂದೇ ಪೆಟ್ಟಿಗೆಯೊಳಗಿನ ಸೆನ್ಸರಿಗೆ, ಗೇಣುದ್ದದ ತಂತಿಗೆ. ಐ2ಸಿಯಲ್ಲಿ ಎರಡೇ ತಂತಿಯ ಮೇಲೆ ಬೇರೆ ಬೇರೆ ವಿಳಾಸದ ಹಲವು ಸೆನ್ಸರ್ ಕೂರುತ್ತವೆ. ಎಸ್‌ಪಿಐಗೆ ತಂತಿ ಹೆಚ್ಚು, ವೇಗವೂ ಹೆಚ್ಚು. ಡಿಎಸ್18ಬಿ20 ಉಷ್ಣತೆ ಸೆನ್ಸರಿನ ಒನ್-ವೈರ್ ಒಂದಿಷ್ಟು ಮೀಟರ್ ಚೆನ್ನಾಗಿ ಹೋಗುತ್ತದೆ, ಸಂಕೇತದ ತಂತಿ ಮತ್ತು 3.3 ವೋಲ್ಟಿನ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಮರೆಯಬಾರದು. ಮನೆಯಿಂದ ಕೆರೆದಂಡೆಯ ಪಂಪ್ ಶೆಡ್ಡಿನವರೆಗೆ ಹೋಗಬೇಕೆಂದರೆ ಸೀರಿಯಲ್ಲಿಗೆ ಆರ್‌ಎಸ್-485 ಪರಿವರ್ತಕ ಹಾಕಿ. ಹೆಣೆದ ಜೋಡಿ ತಂತಿಯಲ್ಲಿ ಕಡಿಮೆ ವೇಗಕ್ಕೆ 1200 ಮೀಟರ್‌ವರೆಗೆ ನಡೆಯುವಂತೆ ಅದನ್ನು ರೂಪಿಸಲಾಗಿದೆ. ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಬೇಕು.

ಬಿಎಂಇ280 (ಉಷ್ಣತೆ, ತೇವದ ಸೆನ್ಸರ್) ಹಾಕಿದೀನಿ, ಐ2ಸಿ ಆನ್ ಮಾಡಿದೀನಿ, ಆದ್ರೂ ಕಾಣ್ತಿಲ್ಲ. ಸೆನ್ಸರೇ ಹಾಳಾ?

ಸಾಮಾನ್ಯವಾಗಿ ಅಲ್ಲ. "ಸುಡೊ ರಾಸ್ಪಿ-ಕಾನ್ಫಿಗ್" ತೆರೆದು ಇಂಟರ್ಫೇಸ್ ಆಪ್ಷನ್ಸ್ ಒಳಗೆ ಐ2ಸಿ ನಿಜಕ್ಕೂ ಆನ್ ಆಗಿದೆಯಾ ನೋಡಿ, ರೀಬೂಟ್ ಮಾಡಿ, ಆಮೇಲೆ "ಐ2ಸಿ-ಡಿಟೆಕ್ಟ್" ಅನ್ನು 1ನೇ ಬಸ್ಸಿಗೆ, ಅಂದರೆ 1ನೇ ಐ2ಸಿ ತಂತಿಜೋಡಿಗೆ, ಓಡಿಸಿ (i2cdetect -y 1). ಚೌಕದ ಪಟ್ಟಿಯಲ್ಲಿ 76 ಅಥವಾ 77 ಬರಬೇಕು. ಪಟ್ಟಿ ಖಾಲಿ ಇದ್ದರೆ ತಂತಿಯ ದೋಷ. ಸೆನ್ಸರಿನಲ್ಲಿ ಎಸ್‌ಡಿಎ ಎಂದು ಗುರುತಿರುವುದು 3ನೇ ಪಿನ್ನಿಗೆ, ಎಸ್‌ಸಿಎಲ್ ಎಂದಿರುವುದು 5ನೇ ಪಿನ್ನಿಗೆ. ಇವೆರಡು ಅದಲು ಬದಲಾಗಿರುವುದೇ ಹೆಚ್ಚು. ಇನ್ನೊಂದು, ಸೆನ್ಸರ್ ಜೊತೆ ಬಂದ ಪಿನ್ನುಗಳನ್ನು ಸೋಲ್ಡರ್ ಮಾಡದೆ ರಂಧ್ರಕ್ಕೆ ತೂರಿಸಿ ಬಿಟ್ಟಿರುತ್ತಾರೆ. ಮುಟ್ಟಿದಂತೆ ಕಂಡರೂ ಸಂಪರ್ಕ ಇರುವುದಿಲ್ಲ.

ಹಳೆಯ ಪಾಠ ನೋಡಿ ಕಾನ್ಫಿಗ್ ಫೈಲನ್ನು (ಪೈಯ ಸೆಟ್ಟಿಂಗ್ ಇರುವ config.txt) ಕೈಯಿಂದ ತಿದ್ದಿದ್ದರೆ, 2023ರ ಅಕ್ಟೋಬರಿನಲ್ಲಿ ಬಂದ ಬುಕ್‌ವರ್ಮ್ ಎಂಬ ಆಪರೇಟಿಂಗ್ ಸಿಸ್ಟಂ ಆವೃತ್ತಿಯಿಂದ ಈಚೆಗೆ ಆ ಫೈಲು ಬೂಟ್ ಫೋಲ್ಡರಿನ ಒಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹೋಗಿದೆ. ಹಳೇ ಜಾಗದಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ.

ಮಣ್ಣಿನ ತೇವದ ಸೆನ್ಸರ್ ಯಾವ ಪಿನ್ನಿಗೆ ಹಾಕ್ಬೇಕು?

ಯಾವುದಕ್ಕೂ ನೇರ ಹಾಕಲಾಗದು. ಪೈ ಓದುವುದು ಇದೆ ಅಥವಾ ಇಲ್ಲ ಎಂಬುದನ್ನು ಮಾತ್ರ, ಏರಿಳಿಯುವ ವೋಲ್ಟೇಜನ್ನಲ್ಲ. ನಡುವೆ ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಎಡಿಎಸ್1115 ಚಿಪ್ಪು ಹಾಕಿ. ಅದು ನಾಲ್ಕು ಸೆನ್ಸರ್ ಓದಿ ಐ2ಸಿಯಲ್ಲಿ ಕೊಡುತ್ತದೆ, ಪಟ್ಟಿಯಲ್ಲಿ 48 ಎಂದು ಕಾಣುತ್ತದೆ. ಎರಡು ಲೋಹದ ಕಡ್ಡಿ ಬರೀ ಮಣ್ಣಿಗೆ ತಾಗುವ ಅಗ್ಗದ ಸೆನ್ಸರ್ ಬೇಡವೇ ಬೇಡ, ನಮ್ಮ ಒದ್ದೆ ಮಣ್ಣಿನಲ್ಲಿ ಬೇಗ ಸವೆದುಹೋಗುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ನಮೂನೆಯದು ತನ್ನಿ, ಹಲಗೆಯ ಅಂಚಿಗೆ ಎಪಾಕ್ಸಿ ಬಳಿಯಿರಿ.

ಆಗುಂಬೆ ಮಳೆಯನ್ನೂ ಇದು ಅಳೆಯುತ್ತಾ? ಎಣಿಕೆ ತಪ್ಪಲ್ವಾ?

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ, ಅನುಮಾನ ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಮಳೆಮಾಪಕದ ಒಳಗೆ ಪುಟ್ಟ ತೊಟ್ಟಿಲಿನಂಥ ಜೋಡಿ ಬಟ್ಟಲು ಇರುತ್ತದೆ. ಒಂದು ಬದಿ ತುಂಬಿದಾಗ ಟಕ್ಕೆಂದು ಮಗುಚಿ ಸ್ವಿಚ್ಚನ್ನು ಒಮ್ಮೆ ಮುಟ್ಟಿಸುತ್ತದೆ. ಒಂದು ಮಗುಚಿಗೆ 0.2 ಮಿಲಿಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 100 ಮಿಲಿಮೀಟರ್ ಸುರಿದರೂ ಆಗುವುದು 500 ಮಗುಚು, ಅಂದರೆ 7 ಸೆಕೆಂಡಿಗೆ ಒಂದು. ಪೈಗೆ ಅದು ಯಾವ ಲೆಕ್ಕವೂ ಅಲ್ಲ.

ಸ್ವಿಚ್ಚಿನ ಒಂದು ತಂತಿ ಗ್ರೌಂಡಿಗೆ, ಇನ್ನೊಂದು ಪಿನ್ನಿಗೆ. ಜಿಪಿಐಒ-ಜೀರೋದ ಬಟನ್ ಎಂದೇ ಅದನ್ನು ಓದಬಹುದು. ಮುಟ್ಟುವಾಗ ಸ್ವಿಚ್ಚು ನಡುಗಿ ಒಂದನ್ನು ಎರಡಾಗಿ ಎಣಿಸದಂತೆ ಬೌನ್ಸ್-ಟೈಮ್ 0.1 ಸೆಕೆಂಡ್ ಕೊಡಿ. ತಂತಿ ಉದ್ದ ಇದ್ದರೆ ಗುಡುಗಿನ ಹೊತ್ತಿಗೆ ಸುಳ್ಳು ಎಣಿಕೆ ಬರುತ್ತದೆ, ಪಿನ್ನಿನಿಂದ 3.3 ವೋಲ್ಟಿಗೆ ಒಂದು 4.7 ಕಿಲೋ ಓಮ್ ರೆಸಿಸ್ಟರ್, ಪಿನ್ನು ಮತ್ತು ಗ್ರೌಂಡಿನ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ.

ತಾಳೆ ನೋಡದೆ ನಂಬಬೇಡಿ. ಬಾಯಿ 20 ಸೆಂಟಿಮೀಟರ್ ಅಗಲದ್ದಾದರೆ ಒಂದು ಮಗುಚಿಗೆ ಸುಮಾರು 6.3 ಮಿಲಿಲೀಟರ್ ನೀರು. 630 ಮಿಲಿಲೀಟರ್ ಅಳೆದು, ತಳಕ್ಕೆ ಸೂಜಿಯ ತೂತು ಮಾಡಿದ ಬಾಟಲಿಯಲ್ಲಿ ತೊಟ್ಟು ತೊಟ್ಟಾಗಿ ಬಿಡಿ. 100 ಎಣಿಕೆ ಬರಬೇಕು. ಜೋರು ಮಳೆಯಲ್ಲಿ ಬಟ್ಟಲು ಮಗುಚುವ ಕ್ಷಣದಲ್ಲಿ ಬೀಳುವ ನೀರು ಲೆಕ್ಕ ತಪ್ಪುವುದರಿಂದ ಈ ನಮೂನೆಯ ಮಾಪಕ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ ಪಕ್ಕದಲ್ಲೊಂದು ಮಾಮೂಲಿ ಕೊಳವೆ ಮಾಪಕ ಇಟ್ಟು ಹೋಲಿಸುವುದು ನನ್ನ ರೂಢಿ.

ಸೀರಿಯಲ್ಲಿನಲ್ಲಿ ಬರೀ ಕಸ ಅಕ್ಷರ ಬರ್ತಿದೆ, ಯಾಕೆ?

ಎರಡು ಕಾರಣ. ಒಂದು, ಲಾಗಿನ್ ಶೆಲ್ (ಹೆಸರು, ಆಜ್ಞೆ ಕೇಳುವ ಪ್ರೋಗ್ರಾಂ) ಅದೇ ತಂತಿಯಲ್ಲಿ ಮಾತಾಡುತ್ತಿರಬಹುದು. ರಾಸ್ಪಿ-ಕಾನ್ಫಿಗ್‌ನ ಸೀರಿಯಲ್ ಪುಟದಲ್ಲಿ ಶೆಲ್ ಬೇಕೇ ಎಂದರೆ ಬೇಡ, ಹಾರ್ಡ್‌ವೇರ್ ಬೇಕೇ ಎಂದರೆ ಬೇಕು ಎನ್ನಿ. ಎರಡು, ಪೈ 3, ಪೈ 4, ಜೀರೋ 2 ಡಬ್ಲ್ಯೂಗಳಲ್ಲಿ ಒಳ್ಳೆಯ ಸೀರಿಯಲ್ ಪೋರ್ಟನ್ನು ಬ್ಲೂಟೂತ್ ಹಿಡಿದಿಟ್ಟುಕೊಂಡು ನಮಗೆ ಚಿಕ್ಕದನ್ನು ಬಿಟ್ಟಿರುತ್ತದೆ. ಅದರ ವೇಗ ಚಿಪ್ಪಿನ ಗಡಿಯಾರದ ಜೊತೆ ಏರುಪೇರಾಗಬಹುದು. ಬ್ಲೂಟೂತ್ ಬೇಡವಾದರೆ ಕಾನ್ಫಿಗ್ ಫೈಲಿನಲ್ಲಿ ಡಿಟಿಓವರ್‌ಲೇ ಸಾಲಿಗೆ "ಡಿಸೇಬಲ್-ಬಿಟಿ" ಬರೆಯಿರಿ (dtoverlay=disable-bt).

ಇದರಿಂದ ಮೋಟರ್ ಚಾಲೂ ಮಾಡ್ಬಹುದಾ?

ನೇರವಾಗಿ ಇಲ್ಲ. ಒಂದು ಪಿನ್ನು ಕೊಡುವುದು ಹೆಚ್ಚೆಂದರೆ 16 ಮಿಲಿಆಂಪಿಯರ್. ಪಿನ್ನು ರಿಲೇ ಮಾಡ್ಯೂಲನ್ನು (ಸಣ್ಣ ಸಂಕೇತದಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಎತ್ತಬೇಕು, ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರ್ ಕಾಯಿಲನ್ನು ಎತ್ತಬೇಕು. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ ಇವನ್ನು ಬೈಪಾಸ್ ಮಾಡಲೇಬೇಡಿ. ಸ್ಟಾರ್ಟರಿನ ಒಳಗಿನ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ, 415 ವೋಲ್ಟ್ ಎರಡನೇ ಅವಕಾಶ ಕೊಡುವುದಿಲ್ಲ.

ಪೈ ರೀಬೂಟ್ ಆಗುವಾಗ ಮೋಟರ್ ತಾನಾಗೇ ಶುರುವಾಗಬಾರದು. ಪೈ 4ರವರೆಗಿನ ಬೋರ್ಡುಗಳಲ್ಲಿ ಜಿಪಿಐಒ 0ರಿಂದ 8 ಆನ್ ಆಗುವಾಗ ಮೇಲಕ್ಕೆ ಎಳೆದಿರುತ್ತವೆ, 9ರಿಂದ 27 ಕೆಳಕ್ಕೆ. ಸಂಕೇತ ಕೆಳಗಿಳಿದಾಗ ಎತ್ತುವ ರಿಲೇಗೆ 5 ಅಥವಾ 6, ಮೇಲೇರಿದಾಗ ಎತ್ತುವುದಕ್ಕೆ 17 ಅಥವಾ 27 ಆರಿಸಿ. ಮೊದಲ ವಾರ ಕಾಂಟ್ಯಾಕ್ಟರ್ ಬದಲು ಒಂದು ಬಲ್ಬ್ ಹಾಕಿ ಪರೀಕ್ಷೆ ಮಾಡಿ.

## ನೆಟ್‌ವರ್ಕ್

ವೈಫೈ ಪಟ್ಟಿನೇ ಬರ್ತಿಲ್ಲ. ಮೊಬೈಲಿಗೆ ಮಾತ್ರ ಸಿಗ್ತಿದೆ.

ದೇಶ ಹೇಳದೆ ಪೈ ವೈಫೈಯನ್ನು ಬಿಡುಗಡೆ ಮಾಡುವುದಿಲ್ಲ. ರಾಸ್ಪಿ-ಕಾನ್ಫಿಗ್‌ನ ಲೋಕಲೈಸೇಷನ್ ಪುಟದಲ್ಲಿ ವೈಫೈ ದೇಶ ಭಾರತ ಎಂದು ಕೊಡಿ. ಆಮೇಲೂ ಬರದಿದ್ದರೆ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಬಿಡುತ್ತಿದೆಯಾ ನೋಡಿ.

ಕರೆಂಟ್ ಹೋಗಿ ಬಂದಾಗೆಲ್ಲ ಐಪಿ ವಿಳಾಸ ಬದಲಾಗುತ್ತೆ. ಗಟ್ಟಿ ಮಾಡೋದು ಹೇಗೆ?

ರೂಟರಿನಲ್ಲೇ ಪೈಗೆ ವಿಳಾಸ ಕಾಯ್ದಿರಿಸುವುದು ಒಳ್ಳೆಯ ದಾರಿ. ಅದಾಗದಿದ್ದರೆ "ಸುಡೊ ಎನ್‌ಎಂಟಿಯುಐ" (sudo nmtui) ತೆರೆಯಿರಿ, ನೀಲಿ ಪರದೆಯ ಮೆನು ಬರುತ್ತದೆ. ನಿಮ್ಮ ಸಂಪರ್ಕ ಆರಿಸಿ, ಐಪಿವಿ4 ಅನ್ನು ಮ್ಯಾನ್ಯುಯಲ್ ಮಾಡಿ, ವಿಳಾಸ 192.168.1.50/24, ಗೇಟ್‌ವೇ (ರೂಟರಿನ ವಿಳಾಸ) 192.168.1.1 ಎಂಬಂತೆ ನಿಮ್ಮ ರೂಟರಿಗೆ ಹೊಂದುವ ಹಾಗೆ ತುಂಬಿ. ಡಿಎನ್‌ಎಸ್ (ವೆಬ್ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಸರ್ವರ್) ಜಾಗ ಖಾಲಿ ಬಿಡಬೇಡಿ. ಡಿಎಚ್‌ಸಿಪಿಸಿಡಿ ಫೈಲು ತಿದ್ದಿ ಎನ್ನುವ ಪಾಠಗಳು ಬುಕ್‌ವರ್ಮ್‌ಗಿಂತ ಹಿಂದಿನವು. ಈಗ ಆ ಕೆಲಸ ನೆಟ್‌ವರ್ಕ್ ಮ್ಯಾನೇಜರಿನದು.

ಬೇಸಿಗೇಲಿ ಪಂಪ್ ಶೆಡ್ಡಿಗೆ ವೈಫೈ ಚೆನ್ನಾಗಿ ಸಿಗ್ತಿತ್ತು. ಜೂನ್ ಬಂದಮೇಲೆ ಕೈಕೊಡ್ತಿದೆ.

ಬೋರ್ಡಿನ ತಪ್ಪಲ್ಲ, ತೋಟದ ಎಲೆಗಳದ್ದು. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಹೀರಿಕೊಳ್ಳುತ್ತದೆ. ಮನೆಯ ಜಗಲಿಯಿಂದ ಶೆಡ್ಡಿನವರೆಗೆ ಅಡಿಕೆ ಮರದ ಸಾಲು, ಪ್ರತಿ ಮರಕ್ಕೂ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ. ಏಪ್ರಿಲ್‌ನಲ್ಲಿ ಒಣಗಿ ಜೋತಿದ್ದ ಎಲೆಗಳು ಜೂನ್‌ನಲ್ಲಿ ಚಿಗುರಿ, ಪ್ರತಿಯೊಂದರ ಮೇಲೂ ನೀರು. ಅಲೆಗೆ ಅದು ಒದ್ದೆ ಗೋಡೆಯ ಮೇಲೆ ಗೋಡೆ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ಸರಿಯಿದೆ ಎಂದುಕೊಂಡವರೆಲ್ಲ ಇಲ್ಲೇ ಎಡವುತ್ತಾರೆ.

ಮೊದಲು ಪುಕ್ಕಟೆ ಉಪಾಯ: ವೈಫೈಯ ಪವರ್ ಸೇವ್ ನಿಲ್ಲಿಸಿ, ನೆಟ್‌ವರ್ಕ್ ಮ್ಯಾನೇಜರಿನ ಎನ್‌ಎಂಸಿಎಲ್‌ಐ (nmcli) ಆಜ್ಞೆಯಲ್ಲಿ ಪವರ್‌ಸೇವ್ ಬೆಲೆ 2 ಕೊಟ್ಟರೆ ಆಯಿತು. ಪೈಯನ್ನು ತಗಡಿನ ಗೋಡೆಯಿಂದ, ಲೋಹದ ಪೆಟ್ಟಿಗೆಯಿಂದ ಹೊರಗಿಡಿ. ಇದರಿಂದ ಆಗದಿದ್ದರೆ ಹೆಚ್ಚು ಶಕ್ತಿಯ ಆಂಟೆನಾ ಹುಡುಕಿ ದುಡ್ಡು ಕಳೆಯಬೇಡಿ. 100 ಮೀಟರ್ ಒಳಗಿದ್ದರೆ ಲ್ಯಾನ್ ತಂತಿ, ಇನ್ನೂ ದೂರಕ್ಕೆ ಆರ್‌ಎಸ್-485. ತಂತಿ ಎಳೆಯಲಾಗದ ಕಡೆ ಲೋರಾ ಎಂಬ ದೂರ ಹೋಗುವ ರೇಡಿಯೊ: ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು. ಅಲೆ ಉದ್ದ, ಎಲೆಗಳ ನಡುವೆ ವೈಫೈಗಿಂತ ಚೆನ್ನಾಗಿ ತೂರುತ್ತದೆ. ಚಿತ್ರ ಕಳಿಸಲಾಗದು, ಉಷ್ಣತೆ, ಮಳೆ, ನೀರಿನ ಮಟ್ಟಕ್ಕೆ ಸಾಕು. 433 ಮೆಗಾಹರ್ಟ್ಸ್ ಮಾಡ್ಯೂಲ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಸಿಗ್ನಲ್ಲೇ ಇಲ್ಲದ ಜಾಗದಲ್ಲಿ ಇಟ್ಟರೆ ಲೆಕ್ಕ ಓದೋದು ಹೇಗೆ?

ಪೈಯೇ ವೈಫೈ ಬಿಡಲಿ. ಎನ್‌ಎಂಸಿಎಲ್‌ಐನ ಹಾಟ್‌ಸ್ಪಾಟ್ ಆಜ್ಞೆಗೆ ಹೆಸರು, ಪಾಸ್‌ವರ್ಡ್ ಕೊಟ್ಟರೆ ಪೈಯ ವಿಳಾಸ 10.42.0.1 ಆಗುತ್ತದೆ. ತೋಟಕ್ಕೆ ಹೋದಾಗ ಮೊಬೈಲನ್ನು ಅದಕ್ಕೆ ಸೇರಿಸಿ ನೋಡಿಕೊಂಡು ಬನ್ನಿ.

ನಾನು ಎಲ್ಲರಲ್ಲೂ ಕೇಳಿಕೊಳ್ಳುವುದು ಒಂದೇ. ಅಳತೆ ಮೊದಲು ಪೈಯಲ್ಲೇ, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಫೈಲಿನಲ್ಲಿ ದಾಖಲಾಗಲಿ. ಕಳಿಸುವುದು ಆಮೇಲಿನ ಕೆಲಸ. ನೇರವಾಗಿ ಇಂಟರ್ನೆಟ್ಟಿಗೆ ಕಳಿಸುವ ಪ್ರೋಗ್ರಾಂ ಬರೆದವರಿಗೆ ಜೋರು ಮಳೆಯ ದಿನದ ಲೆಕ್ಕವೇ ಸಿಗುವುದಿಲ್ಲ. ನೆಟ್‌ವರ್ಕ್ ಹೋಗುವುದು ಸರಿಯಾಗಿ ಅವತ್ತೇ.

ಮಗಳು ಬೆಂಗಳೂರಲ್ಲಿದಾಳೆ. ಅಲ್ಲಿಂದ ನೋಡೋ ಹಾಗೆ ಪೋರ್ಟ್ ಫಾರ್ವರ್ಡ್ ಮಾಡಿದೆ, ಆಗ್ತಿಲ್ಲ.

ಪೋರ್ಟ್ ಫಾರ್ವರ್ಡ್ ಎಂದರೆ ಹೊರಗಿನಿಂದ ಬಂದವರನ್ನು ರೂಟರ್ ಪೈಗೆ ದಾಟಿಸುವುದು. 4ಜಿ ಡಾಂಗಲ್ಲಿನಲ್ಲಿ ಅದು ಸಾಮಾನ್ಯವಾಗಿ ಆಗದು. ಮೊಬೈಲ್ ಜಾಲದಲ್ಲಿ ಸಾವಿರಾರು ಗಿರಾಕಿಗಳು ಒಂದೇ ಹೊರವಿಳಾಸ ಹಂಚಿಕೊಂಡಿರುತ್ತಾರೆ, ಹೊರಗಿನಿಂದ ನಿಮ್ಮ ಮನೆಬಾಗಿಲಿಗೆ ದಾರಿಯೇ ಇರುವುದಿಲ್ಲ. ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ತಂತ್ರಾಂಶವನ್ನು ಪೈಗೂ ಮಗಳ ಫೋನಿಗೂ ಹಾಕಿ. ಎರಡೂ ಒಳಗಿನಿಂದ ಹೊರಗೆ ಹೋಗಿ ಕೈಕುಲುಕುತ್ತವೆ. ಪೋರ್ಟ್ ಫಾರ್ವರ್ಡ್ ಆಗುವ ಕಡೆಯೂ ಎಸ್‌ಎಸ್‌ಎಚ್‌ನ 22ನೇ ಪೋರ್ಟನ್ನು ಊರಿಗೆಲ್ಲ ತೆರೆದಿಡಬೇಡಿ.

ಲ್ಯಾನೂ ಇದೆ, ವೈಫೈಯೂ ಇದೆ. ಯಾವುದರಲ್ಲಿ ಹೋಗುತ್ತೆ?

ಲ್ಯಾನಿನಲ್ಲಿ. ನೆಟ್‌ವರ್ಕ್ ಮ್ಯಾನೇಜರ್ ತಂತಿಗೆ 100, ವೈಫೈಗೆ 600 ಎಂಬ ಮೆಟ್ರಿಕ್ ಕೊಡುತ್ತದೆ, ಕಡಿಮೆ ಇದ್ದದ್ದಕ್ಕೆ ಆದ್ಯತೆ. ಲ್ಯಾನು ಪಂಪ್ ಶೆಡ್ಡಿಗೆ ಮಾತ್ರ ಹೋಗಿದ್ದು ಅಲ್ಲಿ ಇಂಟರ್ನೆಟ್ ಇಲ್ಲದಿದ್ದರೆ, ಆ ಸಂಪರ್ಕಕ್ಕೆ ಗೇಟ್‌ವೇ ಕೊಡಬೇಡಿ.

## ವರ್ಷಗಟ್ಟಲೆ ನಡೆಯಬೇಕಾದರೆ

ಕರೆಂಟ್ ಹೋಗಿ ಹೋಗಿ ಮೂರನೇ ಎಸ್‌ಡಿ ಕಾರ್ಡ್ ಹಾಳಾಯ್ತು. ಏನ್ ಮಾಡ್ಲಿ?

ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡಿನ ಫೈಲ್ ವ್ಯವಸ್ಥೆ ಕೆಡುತ್ತದೆ. ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿದರೆ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ, ಎಲ್ಲ ಮೆಮೊರಿಯಲ್ಲಿ ನಡೆಯುತ್ತದೆ. ಆಗ ಮಳೆಯ ಲೆಕ್ಕ ಉಳಿಯಲು ಬೇರೆ ಪೆನ್‌ಡ್ರೈವ್ ಬೇಕು. ನಿಲ್ಲಿಸುವ ಗುಂಡಿಗೆ ಜಿಪಿಐಒ-ಶಟ್‌ಡೌನ್ ಓವರ್‌ಲೇ (ಇದು ಕಾನ್ಫಿಗ್ ಫೈಲಿನ ಡಿಟಿಓವರ್‌ಲೇ ಸಾಲು) ಇದೆ, ಆದರೆ ಅದು ತಾನಾಗಿ ಹಿಡಿಯುವುದು ಜಿಪಿಐಒ 3, ಅಂದರೆ ಐ2ಸಿಯ ತಂತಿ. ಐ2ಸಿ ಸೆನ್ಸರ್ ಇದ್ದರೆ ಬೇರೆ ಪಿನ್ನು ಹೇಳಿ.

ಕರೆಂಟ್ ಬಂದಮೇಲೆ ಪೈಯ ಗಡಿಯಾರ ಹಿಂದೆ ಉಳಿದುಬಿಡುತ್ತೆ, ಯಾಕೆ?

ಪೈ 4 ಮತ್ತು ಅದಕ್ಕಿಂತ ಹಿಂದಿನವಕ್ಕೆ ಸ್ವಂತ ಗಡಿಯಾರ ಇಲ್ಲ, ಸಮಯ ಇಂಟರ್ನೆಟ್ಟಿನಿಂದ ಬರಬೇಕು. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿ ಬೇರೆ ತರಬೇಕು. ಉಳಿದವಕ್ಕೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿ, ಐ2ಸಿ-ಆರ್‌ಟಿಸಿ ಓವರ್‌ಲೇ ಬರೆಯಿರಿ. ಪಟ್ಟಿಯಲ್ಲಿ 68ರ ಜಾಗದಲ್ಲಿ "ಯುಯು" ಎಂದು ಬಂದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಅದನ್ನು ವಶಕ್ಕೆ ತೆಗೆದುಕೊಂಡಿದೆ ಎಂದರ್ಥ, ಹಾಳಾಗಿದೆ ಎಂದಲ್ಲ. 3.3 ವೋಲ್ಟೇ ಕೊಡಿ; 5 ಕೊಟ್ಟರೆ ಐ2ಸಿ ತಂತಿಗಳೂ 5ಕ್ಕೆ ಏರಬಹುದು.

ಸೋಲಾರ್ ಹಾಕಿ ತೋಟದ ಮಧ್ಯೆ ಇಡಬಹುದಾ?

ಬೇಸಿಗೆಯಲ್ಲಿ ಸುಲಭ, ಮಳೆಗಾಲದಲ್ಲಿ ಕಷ್ಟ. ಸರಾಸರಿ 1 ವಾಟ್ ಎಂದರೂ ದಿನಕ್ಕೆ 24 ವಾಟ್-ಗಂಟೆ. ಬಿಸಿಲು ಕಾಣದ ನಾಲ್ಕು ದಿನಕ್ಕೆ 96. 12 ವೋಲ್ಟ್ 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದೇ 84, ಅದರಲ್ಲೂ ಅರ್ಧ ಮಾತ್ರ ಬಳಸಬೇಕು. ತೋಟದಲ್ಲಿ ಇಎಸ್‌ಪಿ32 ಎಂಬ ಪುಟ್ಟ ಬೋರ್ಡ್ ಇಡಿ, ಅದು ನಿದ್ದೆ ಮಾಡುತ್ತಾ ಆಗಾಗ ಎದ್ದು ಕಳಿಸಲಿ, ಪೈ ಮನೆಯಲ್ಲಿ ಕೂತು ಸ್ವೀಕರಿಸಲಿ.

ಮಳೆಗಾಲದ ಥಂಡಿ, ಇರುವೆ, ಸಿಡಿಲು. ಇಷ್ಟರಲ್ಲಿ ಬದುಕುತ್ತಾ?

ಬದುಕಿಸಬಹುದು. ಮೊದಲ ವರ್ಷ ನನ್ನ ಪೆಟ್ಟಿಗೆಯನ್ನು ಮಘೆ ಮಳೆ ಕಳೆದು ತೆರೆದಾಗ ತಂತಿ ಸಿಗಿಸುವ ಟರ್ಮಿನಲ್ಲಿನ ತಾಮ್ರದ ಮೇಲೆ ಹಸಿರು ಪುಡಿ ಹಿಡಿದಿತ್ತು, ಮೂಲೆಯಲ್ಲಿ ಬೋರ್ಡಿನ ಬೆಚ್ಚಗಿಗೆ ಇರುವೆಗಳು ಮೊಟ್ಟೆ ತಂದಿಟ್ಟಿದ್ದವು. ಈಗ ಧೂಳು, ನೀರು ಒಳಹೋಗದ ಐಪಿ65 ಪೆಟ್ಟಿಗೆ, ತಂತಿಗಳೆಲ್ಲ ತಳದಿಂದ ಗ್ಲ್ಯಾಂಡ್ (ತಂತಿಯನ್ನು ಬಿಗಿಯಾಗಿ ಹಿಡಿಯುವ ಬಿರಡೆ) ಮೂಲಕ, ಒಳಬರುವ ಮೊದಲು ತಂತಿಗೆ ಕೆಳಕ್ಕೆ ಜೋತ ಒಂದು ಕುಣಿಕೆ. ಅದರ ತಳದಿಂದ ನೀರು ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿಯುವುದಿಲ್ಲ. ಒಳಗೊಂದು ಸಿಲಿಕಾ ಜೆಲ್ ಚೀಲ, ತಿಂಗಳಿಗೊಮ್ಮೆ ಒಲೆಯ ಬಳಿ ಒಣಗಿಸಿ ಮತ್ತೆ ಇಡುತ್ತೇನೆ.

ಸಿಡಿಲಿಗೆ ಪೂರ್ತಿ ರಕ್ಷಣೆ ಇಲ್ಲ. ಹತ್ತಿರ ಬಿದ್ದರೂ ಸಾಕು, ಉದ್ದದ ತಂತಿ ಅದನ್ನು ಒಳಗೆ ತರುತ್ತದೆ. ಮನೆಗೂ ಶೆಡ್ಡಿಗೂ ನಡುವೆ ಲ್ಯಾನ್ ಬದಲು ಫೈಬರ್ ಎಳೆದು ಎರಡೂ ತುದಿಗೆ ಪರಿವರ್ತಕ ಹಾಕಿದರೆ ಆ ದಾರಿ ಮುಚ್ಚುತ್ತದೆ. ಆರ್‌ಎಸ್-485ಗೆ ಐಸೊಲೇಷನ್ (ಎರಡು ಬದಿಯ ಕರೆಂಟ್ ಒಂದಕ್ಕೊಂದು ತಾಗದ ವ್ಯವಸ್ಥೆ) ಇರುವ ಮಾಡ್ಯೂಲೇ ತನ್ನಿ. ಏಪ್ರಿಲ್, ಮೇ ಸಂಜೆಯಲ್ಲಿ ಗುಡುಗು ದೂರದಲ್ಲಿ ಕೇಳಿಸಿದಾಗಲೇ ಶಟ್‌ಡೌನ್ ಮಾಡಿ, ಪ್ಲಗ್ಗನ್ನೂ ಲ್ಯಾನ್ ತಂತಿಯನ್ನೂ ಕೀಳಿ. ತಲೆಯ ಮೇಲೆ ಬಂದಮೇಲೆ ತಂತಿ ಮುಟ್ಟಲು ಹೋಗಬೇಡಿ, ಬೋರ್ಡ್ ಇನ್ನೊಂದು ತರಬಹುದು.